ಉಬ್ಬು ಹಲ್ಲಿದ್ದರೂ ಬಾಯಿಗೆ ಕೈ ಅಡ್ಡ ಇಡದೆ ನಗುವುದು ಹೇಗೆ: ಹಂತ ಹಂತವಾಗಿ

"ದಿನಾ ಕನ್ನಡಿ ಮುಂದೆ ನಿಂತು ನಗೋದು ಅಭ್ಯಾಸ ಮಾಡಿದೆ, ಮುಜುಗರ ಇನ್ನೂ ಜಾಸ್ತಿ ಆಯ್ತು." ಹಲ್ಲು ಉಬ್ಬಿರುವವರು, ಸೊಟ್ಟ ಇರುವವರು ನನಗೆ ಹೇಳುವ ಮಾತು ಹೆಚ್ಚುಕಡಿಮೆ ಇದೇ. ನನ್ನ ತಂಗಿಯದು ಬೇರೆ ಕಥೆ. ಎರಡು ವರ್ಷ ಕ್ಲಿಪ್ ಹಾಕಿಸಿಕೊಂಡು ಹಲ್ಲು ದಾರ ಹಿಡಿದಂತೆ ನೆಟ್ಟಗಾದ ಮೇಲೂ ನಗು ಬಂದರೆ ಅವಳ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ನನ್ನ ಮೇಲಿನ ಬಾಚಿಹಲ್ಲುಗಳು ಇಂದಿಗೂ ಮುಂದಕ್ಕೇ ಇವೆ, ಕೈ ಮಾತ್ರ ಕೆಳಗಿಳಿದಿದೆ.

ಹಲ್ಲು ಒಂದು ವಿಷಯ, ಅದನ್ನು ಮುಚ್ಚಿಡುವ ಚಾಳಿ ಇನ್ನೊಂದು. ಕ್ಲಿಪ್ ಸರಿಮಾಡುವುದು ಮೊದಲನೆಯದನ್ನು ಮಾತ್ರ. ಹೆಚ್ಚಿನವರು ಸೋಲುವುದು ಕ್ರಮದಲ್ಲಿ: ಕೊನೆಗೆ ಮಾಡಬೇಕಾದ ಕನ್ನಡಿ, ಫೋಟೊ, ಕ್ಲಿಪ್ಪಿನ ಯೋಚನೆಯನ್ನು ಮೊದಲೇ ಶುರು ಮಾಡುತ್ತಾರೆ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ. ಎರಡರಿಂದ ಐದನೇ ಹಂತದವರೆಗೆ ಒಂದೊಂದಕ್ಕೂ ವಾರ, ಹತ್ತು ದಿನ ಕೊಡಿ.

ಬೇಕಾಗುವ ಸಾಮಾನು

ಮೆತ್ತನೆಯ ಎಳೆಗಳ ಬ್ರಷ್. ಹಲ್ಲಿನ ಸಂದಿಗೆ ತೂರಿಸುವ ಪುಟ್ಟ ಬ್ರಷ್ (ಮೆಡಿಕಲ್ ಶಾಪಿನಲ್ಲಿ ಇಂಟರ್‌ಡೆಂಟಲ್ ಬ್ರಷ್ ಎಂದು ಕೇಳಿ). ಹಳೆಯ ಲಗ್ನಪತ್ರಿಕೆಯಿಂದ ಕತ್ತರಿಸಿದ ಗಟ್ಟಿ ಕಾಗದದ ಒಂದು ಪಟ್ಟಿ. ತುಟಿಗೆ ವ್ಯಾಸಲೀನ್ ಅಥವಾ ಮನೆಯ ತುಪ್ಪ. ಫೋನು, ಅದನ್ನು ಒರಗಿಸಿಡಲು ನಾಲ್ಕು ಸ್ಟೀಲ್ ಡಬ್ಬಿ. ಜೊತೆಗೆ, ನಿಮ್ಮನ್ನು ನಿಜವಾಗಿ ನಗಿಸಬಲ್ಲ ಒಬ್ಬ ಗೆಳೆಯ ಅಥವಾ ಗೆಳತಿ. ಈ ಕೊನೆಯದನ್ನು ಬಿಟ್ಟರೆ ನಾಲ್ಕನೇ ಹಂತ ನಡೆಯುವುದಿಲ್ಲ.

ಹಂತ 1: ಏನಿದೆ ಎಂದು ಅಳೆದು ನೋಡಿ

"ನನ್ನ ಹಲ್ಲು ಚೆನ್ನಾಗಿಲ್ಲ" ಎಂದು ಹೇಳಿಕೊಂಡರೆ ಏನೂ ತಿಳಿಯುವುದಿಲ್ಲ. ಮೇಲಿನ ಹಲ್ಲು ಮುಂದಕ್ಕೆ ಚಾಚಿದೆಯೇ? ಜಾಗವಿಲ್ಲದೆ ಒಂದರ ಮೇಲೊಂದು ಹತ್ತಿದೆಯೇ? ಕೋರೆಹಲ್ಲು ಮೇಲೆಯೇ ಉಳಿದಿದೆಯೇ? ನಡುವೆ ಸಂದಿ ಇದೆಯೇ? ಕೆಳದವಡೆ ಮುಂದಿದೆಯೇ? ಹೆಸರಿಟ್ಟು ಹೇಳಿ. ಸಂದಿ ಇದ್ದರೆ ಅದೃಷ್ಟ ಎನ್ನುವ ಅಜ್ಜಿಯರು ಇನ್ನೂ ಇದ್ದಾರೆ, ಅವರ ಮಾತಿಗೆ ನನ್ನ ತಕರಾರಿಲ್ಲ.

ಉಬ್ಬು ಹಲ್ಲಾದರೆ ಹಿಂದಿನ ದವಡೆಹಲ್ಲುಗಳನ್ನು ಸಹಜವಾಗಿ ಕಚ್ಚಿ ಹಿಡಿಯಿರಿ. ಕಾಗದದ ಪಟ್ಟಿಯ ತುದಿಯನ್ನು ಕೆಳಗಿನ ಬಾಚಿಹಲ್ಲಿಗೆ ತಾಗಿಸಿ, ಮೇಲಿನ ಹಲ್ಲಿನ ಅಂಚು ಬರುವ ಕಡೆ ಪೆನ್ನಿನಿಂದ ಗುರುತು ಹಾಕಿ, ಆಮೇಲೆ ಸ್ಕೇಲಿನಲ್ಲಿ ಅಳೆಯಿರಿ. ನೇರವಾಗಿ ಸ್ಕೇಲ್ ಹಿಡಿದರೆ ಸೊನ್ನೆಗೆ ಮೊದಲಿನ ಖಾಲಿ ಜಾಗ ಲೆಕ್ಕ ಕೆಡಿಸುತ್ತದೆ. 2-3 ಮಿ.ಮೀ. ಸಾಮಾನ್ಯ. 6 ಮಿ.ಮೀ. ದಾಟಿದ್ದರೆ, ಅಂದದ ಮಾತು ಹಾಗಿರಲಿ, ಬಿದ್ದಾಗ ಮುಂದಿನ ಹಲ್ಲಿಗೆ ಪೆಟ್ಟಾಗುವ ಸಂಭವ ಹೆಚ್ಚು. ಒಮ್ಮೆ ದಂತವೈದ್ಯರಿಗೆ ತೋರಿಸಿ. ಬೆಂಗಳೂರಿನ ರಸ್ತೆಯಲ್ಲಿ ಸ್ಕೂಟರ್ ಓಡಿಸುವವರು ಅರ್ಧ ಹೆಲ್ಮೆಟ್ ಬಿಟ್ಟು ಗದ್ದ ಮುಚ್ಚುವ ಹೆಲ್ಮೆಟ್ ಹಾಕಿಕೊಳ್ಳಿ. ಅರ್ಧ ಹೆಲ್ಮೆಟ್ ಬಾಯಿಯನ್ನು ಕಾಪಾಡುವುದಿಲ್ಲ.

ಎಚ್ಚರಿಕೆ: ಮೊದಲು ಸರಿಯಿದ್ದ ಹಲ್ಲು ಮೂವತ್ತು, ನಲವತ್ತರ ನಂತರ ಮುಂದಕ್ಕೆ ಬಾಗತೊಡಗಿದ್ದರೆ, ಹೊಸದಾಗಿ ಸಂದಿ ಬಿಡುತ್ತಿದ್ದರೆ ಅಥವಾ ಅಲುಗಾಡುತ್ತಿದ್ದರೆ ಇದನ್ನು ಓದುವುದು ಇಲ್ಲಿಗೇ ನಿಲ್ಲಿಸಿ. ವಸಡಿನ ಕಾಯಿಲೆಯಿಂದ ಹಲ್ಲಿನ ಬೇರು ಹಿಡಿದಿರುವ ಮೂಳೆ ಕರಗುವಾಗ ಹೀಗಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಇನ್ನೂ ಹೆಚ್ಚು. ಮೊದಲು ಚಿಕಿತ್ಸೆ, ಆಮೇಲೆ ನಗು.

ಹಂತ 2: ಬಾಯಿ ಸ್ವಚ್ಛ ಮಾಡಿಕೊಳ್ಳಿ

ಬಾಯಿ ವಾಸನೆ ಬರುತ್ತದೇನೋ ಎಂಬ ಅನುಮಾನವಿದ್ದರೆ ಯಾವ ಧೈರ್ಯವೂ ನಿಲ್ಲುವುದಿಲ್ಲ. ನನ್ನ ಅನುಭವದಲ್ಲಿ ಎದುರಿನವರು ಗಮನಿಸುವುದು ಹಲ್ಲಿನ ಓರೆಯನ್ನಲ್ಲ. ಹಲ್ಲಿಗೆ ಅಂಟಿದ ಕೊತ್ತಂಬರಿ ಸೊಪ್ಪನ್ನು, ವಸಡಿನಂಚಿನ ಹಳದಿಯನ್ನು.

ಒತ್ತೊತ್ತಾಗಿರುವ ಹಲ್ಲಿಗೆ ಬ್ರಷ್ ಅಡ್ಡ ಉಜ್ಜಿದರೆ ಮುಂದಿರುವ ಹಲ್ಲು ಸವೆಯುತ್ತದೆ, ಒಳಗೆ ಸರಿದಿರುವ ಹಲ್ಲಿಗೆ ಬ್ರಷ್ ಮುಟ್ಟುವುದೇ ಇಲ್ಲ. ಆ ಜಾಗದಲ್ಲಿ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ, ತುದಿಯ ಎಳೆಗಳಿಂದ ಒಂದೊಂದೇ ಹಲ್ಲನ್ನು ವಸಡಿನಿಂದ ಅಂಚಿನ ಕಡೆಗೆ ಉಜ್ಜಿ. ಬೆಳಿಗ್ಗೆ ಎರಡು ನಿಮಿಷ, ಮಲಗುವ ಮುಂಚೆ ಎರಡು ನಿಮಿಷ. ರಾತ್ರಿಯದು ತಪ್ಪಬಾರದು. ಆಮೇಲೆ ಸಂದಿಯ ಬ್ರಷ್. ಅದು ಬಲವಂತ ಮಾಡದೆ ಹೋಗಬೇಕು. ಹೋಗದಿದ್ದರೆ ಚಿಕ್ಕ ಅಳತೆಯದು ತನ್ನಿ. ಮೊದಲ ಕೆಲವು ದಿನ ರಕ್ತ ಬರಬಹುದು. ಎರಡು ವಾರ ಕಳೆದರೂ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಿ.

ಗಟ್ಟಿಯಾದ ಪಾಚಿ ಬ್ರಷ್ಷಿಗೆ ಹೋಗುವುದಿಲ್ಲ, ಕ್ಲಿನಿಕ್ಕಿನಲ್ಲಿ ಸ್ಕೇಲಿಂಗ್ ಮಾಡಿಸಬೇಕು. "ಸ್ಕೇಲಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ" ಎಂದು ಮನೆಯಲ್ಲಿ ತಡೆಯುವವರು ಒಬ್ಬರಾದರೂ ಇರುತ್ತಾರೆ. ಸಂದಿಯಲ್ಲಿ ಗಾರೆಯಂತೆ ತುಂಬಿಕೊಂಡಿದ್ದ ಪಾಚಿ ಹೋದಾಗ ಖಾಲಿ ಅನ್ನಿಸುವುದು ನಿಜ. ಆದರೆ ಹಲ್ಲನ್ನು ಸಡಿಲ ಮಾಡುವುದು ಆ ಪಾಚಿಯೇ.

ಸಾಮಾನ್ಯ ತಪ್ಪು: ಇದ್ದಿಲ ಪುಡಿ, ಉಪ್ಪು, ನಿಂಬೆರಸ ಹಾಕಿ ಬಿಳುಪು ಮಾಡಲು ಹೊರಡುವುದು. ಇವು ಹಲ್ಲಿನ ಮೇಲ್ಪದರವನ್ನೇ ಕೆರೆದು, ಕರಗಿಸಿ ತೆಗೆಯುತ್ತವೆ, ಆ ಪದರ ಮತ್ತೆ ಬೆಳೆಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಕಲೆ ಫ್ಲೋರೈಡಿನದು. ಅದು ಹಲ್ಲಿನೊಳಗೇ ಇರುತ್ತದೆ, ಎಷ್ಟು ಉಜ್ಜಿದರೂ ಹೋಗದು. ಅದಕ್ಕೆ ಬೇರೆ ಚಿಕಿತ್ಸೆ ಇದೆ, ಕೇಳಿ ಮಾಡಿಸಿ.

ಹಂತ 3: ತುಟಿಯನ್ನು ಬಿಡುಗಡೆ ಮಾಡಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ಹಾರಿಸಿದವರೇ ಹೆಚ್ಚು ಸೋಲುವುದು.

ಉಬ್ಬು ಹಲ್ಲಿದ್ದವರು ಚಿಕ್ಕಂದಿನಿಂದ ಮೇಲ್ದುಟಿಯನ್ನು ಕೆಳಕ್ಕೆ ಎಳೆದು ಹಿಡಿಯುವುದನ್ನು ಕಲಿತಿರುತ್ತಾರೆ. ತುಟಿ ಸುಲಭವಾಗಿ ಕೂಡುವುದಿಲ್ಲವಾದ್ದರಿಂದ ಕೆಳದುಟಿಯನ್ನು ಗದ್ದದ ಸ್ನಾಯು ಮೇಲಕ್ಕೆ ತಳ್ಳಬೇಕು. ಆಗ ಗದ್ದದ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗುತ್ತದೆ. ಅಂದರೆ ಹಲ್ಲು ಮುಚ್ಚಲು ಪಡುವ ಪಾಡು ಹಲ್ಲಿಗಿಂತ ಹೆಚ್ಚು ಎದ್ದು ಕಾಣುತ್ತದೆ. ಬಾಯಿ ಬಿಗಿದು ನಗುವವರನ್ನು ಕಂಡವರು ಇವರಿಗೇನೋ ಕೋಪ ಅಂದುಕೊಳ್ಳುವುದೂ ಇದಕ್ಕೇ. ಕಾಲೇಜಿನಲ್ಲಿ ನನಗೆ "ಜಂಬದೋಳು" ಅನ್ನುವ ಹೆಸರಿತ್ತು. ಉಬ್ಬಲ್ಲಿ ಅನ್ನುವುದಕ್ಕಿಂತ ಇದು ಹೆಚ್ಚು ಚುಚ್ಚಿತ್ತು.

ಮಾಡಬೇಕಾದ್ದು ಇಷ್ಟು. ದಿನಕ್ಕೆ ಮೂರು ಸಲ, ಒಬ್ಬರೇ ಇದ್ದಾಗ, ಗದ್ದದ ಮೇಲೆ ಬೆರಳಿಟ್ಟು ತುಟಿಯನ್ನು ಅದು ಬೀಳುವ ಹಾಗೆ ಬಿಟ್ಟುಬಿಡಿ. ಹಲ್ಲು ಅರ್ಧ ಕಂಡರೆ ಕಾಣಲಿ. ಬೆರಳಿನ ಕೆಳಗೆ ಗದ್ದ ಮೆತ್ತಗಾಗಬೇಕು, ಅದೇ ಗುರುತು. ತುಟಿ ಒಣಗಿದ್ದರೆ ಹಲ್ಲಿಗೆ ಅಂಟಿ ಎಳೆಯುತ್ತದೆ, ತುಪ್ಪ ಸವರಿ.

ಆಮೇಲೆ ಮಾತು. ಕನ್ನಡದಲ್ಲಿ ಪ, ಫ, ಬ, ಭ, ಮ ಐದಕ್ಕೂ ಎರಡು ತುಟಿ ಕೂಡಲೇಬೇಕು. ಉಬ್ಬು ಹಲ್ಲಿದ್ದವರ ಮುಜುಗರ ಅರ್ಧ ಈ ಪವರ್ಗದಲ್ಲೇ ಅಡಗಿದೆ: ತುಟಿ ಕೂಡಿಸುವ ಅವಸರದಲ್ಲಿ ಮಾತು ನುಂಗಿಹೋಗುತ್ತದೆ, ದನಿ ಇಳಿಯುತ್ತದೆ, ಎದುರಿನವರು "ಏನಂದ್ರಿ?" ಅನ್ನುತ್ತಾರೆ. ದಿನಪತ್ರಿಕೆಯ ಒಂದು ಸುದ್ದಿಯನ್ನು ನಿಧಾನವಾಗಿ, ಗಟ್ಟಿಯಾಗಿ ಓದಿ. ಪವರ್ಗ ಬಂದ ಕಡೆ ಒಂದು ಚಣ ಹೆಚ್ಚು ಕೊಡಿ. ಕೆಲವರ ಕೆಳದುಟಿ ಮೇಲ್ದುಟಿಯ ಬದಲು ಮೇಲಿನ ಹಲ್ಲಿಗೆ ತಾಗುತ್ತದೆ. ಸದ್ದು ಸ್ಪಷ್ಟವಾಗಿದ್ದರೆ ಅದಕ್ಕೆ ಚಿಂತೆ ಬೇಡ. ಫೋನಿನಲ್ಲಿ ಧ್ವನಿ ಮಾತ್ರ ರೆಕಾರ್ಡ್ ಮಾಡಿ. ವಿಡಿಯೊ ಈಗಲೇ ಬೇಡ.

ಕೈಯ ವಿಷಯ. "ಕೈ ಎತ್ತಬಾರದು" ಎಂದು ಎಷ್ಟು ಸಲ ಅಂದುಕೊಂಡರೂ ಕೈ ಎದ್ದೇ ಏಳುತ್ತದೆ. ಕೈಗೆ ಬೇರೆ ಕೆಲಸ ಕೊಡಿ. ಕಾಫಿ ಲೋಟ, ಬ್ಯಾಗಿನ ಪಟ್ಟಿ, ಮೇಜಿನ ಅಂಚು, ಏನಾದರೂ ಹಿಡಿದಿರಲಿ. ಎದ್ದಾಗ ಬೈದುಕೊಳ್ಳಬೇಡಿ, ಎಣಿಸಿಕೊಳ್ಳಿ ಸಾಕು. ಸಂಜೆಗೆ ಎಷ್ಟಾಯಿತು ಎಂದು ಬರೆದಿಡಿ. ನನ್ನದು ಶುರುವಿನಲ್ಲಿ ದಿನಕ್ಕೆ ಮೂವತ್ತರ ಮೇಲೆ ಹೋಗಿ ನಾನು ಎಣಿಸುವುದನ್ನೇ ಬಿಟ್ಟಿದ್ದೆ. ಎರಡನೇ ವಾರ ಒಂದಂಕಿಗೆ ಇಳಿಯಿತು.

ಎಚ್ಚರಿಕೆ: ಬೆಳಿಗ್ಗೆ ಏಳುವಾಗ ಬಾಯಿ ಪೂರ್ತಿ ಒಣಗಿರುವುದು, ಮೂಗು ಸದಾ ಕಟ್ಟಿರುವುದು ಇದ್ದರೆ ನೀವು ನಿದ್ದೆಯಲ್ಲಿ ಬಾಯಿಂದ ಉಸಿರಾಡುತ್ತಿರಬಹುದು. ಅದು ವಸಡಿಗೂ ಒಳ್ಳೆಯದಲ್ಲ. ಈ ಊರಿನ ಧೂಳಿಗೆ ಮೂಗು ಕಟ್ಟುವುದು ಹೊಸದೇನಲ್ಲ, ಆದರೂ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ.

ಹಂತ 4: ನಿಮ್ಮ ನಿಜವಾದ ನಗುವನ್ನು ಹಿಡಿಯಿರಿ

ಕನ್ನಡಿಯ ಮುಂದೆ ನಗುವವರು ಯಾರಿಗೂ ನಗುತ್ತಿಲ್ಲ. ಬಾಯಿ ಮಾತ್ರ ಅಗಲವಾಗುತ್ತದೆ, ಕಣ್ಣು ಪರೀಕ್ಷೆ ಮಾಡುತ್ತಿರುತ್ತದೆ. ಅಂಥ ನಗು ನೆಟ್ಟಗಿನ ಹಲ್ಲಿನವರ ಮುಖದಲ್ಲೂ ಚೆನ್ನಾಗಿರುವುದಿಲ್ಲ.

ಬದಲಿಗೆ, ಡಬ್ಬಿಗಳ ಮೇಲೆ ಫೋನ್ ಒರಗಿಸಿ ವಿಡಿಯೊ ಹಾಕಿ, ನಗಿಸುವ ಗೆಳತಿಯ ಜೊತೆ ಇಪ್ಪತ್ತು ನಿಮಿಷ ಹರಟಿ. ಫೋನಿನ ಎತ್ತರ ನಿಮ್ಮ ಕಣ್ಣಿನ ಮಟ್ಟಕ್ಕಿರಲಿ. ಕೆಳಗಿನಿಂದ ಹಿಡಿದರೆ ವಸಡೇ ಮೊದಲು ಕಾಣುತ್ತದೆ. ದೂರ ನಾಲ್ಕೈದು ಅಡಿ. ಕೈಯಳತೆಯ ಸೆಲ್ಫಿಯಲ್ಲಿ ಕ್ಯಾಮೆರಾಕ್ಕೆ ಹತ್ತಿರವಿರುವ ಮೂಗು, ಹಲ್ಲು ಇದ್ದದ್ದಕ್ಕಿಂತ ದೊಡ್ಡದಾಗಿ ಬರುತ್ತವೆ. ಉಬ್ಬು ಹಲ್ಲಿನವರು ಸೆಲ್ಫಿ ನೋಡಿ ಅತ್ತಿರುವುದರಲ್ಲಿ ಮುಕ್ಕಾಲು ಪಾಲು ಆ ಲೆನ್ಸಿನ ಮಾಯೆ. ಬೆಳಕು ಕಿಟಕಿಯದಿರಲಿ. ಫ್ಲ್ಯಾಷ್ ಹಾಕಿದರೆ ಮುಂದಿರುವ ಹಲ್ಲಿನ ಮೇಲೇ ಬಿದ್ದು ಹೊಳೆಯುತ್ತದೆ.

ವಿಡಿಯೊವನ್ನು ಅಂದೇ ನೋಡಬೇಡಿ. ಮರುದಿನ ನೋಡಿ, ಎಲ್ಲಿ ಕಣ್ಣಿನ ಪಕ್ಕ ಸುಕ್ಕು ಬಿದ್ದಿದೆಯೋ ಅಲ್ಲಲ್ಲಿ ನಿಲ್ಲಿಸಿ ಐದಾರು ಚಿತ್ರ ಉಳಿಸಿಕೊಳ್ಳಿ. ಮೊದಲ ನೋಟಕ್ಕೆ "ಇದು ನಾನಲ್ಲ" ಅನ್ನಿಸುತ್ತದೆ. ಕನ್ನಡಿ ತೋರಿಸುವುದು ಎಡಬಲ ತಿರುಗಿದ ಮುಖ, ನಮಗೆ ರೂಢಿಯಾಗಿರುವುದು ಅದು. ಊರಿಗೆಲ್ಲ ಗೊತ್ತಿರುವ ಮುಖ ವಿಡಿಯೊದ್ದು. ಒಂದು ವಾರ ದಿನಕ್ಕೊಮ್ಮೆ ಆ ಚಿತ್ರಗಳನ್ನು ನೋಡಿದರೆ ಕಣ್ಣು ಪಳಗುತ್ತದೆ.

ಮದುವೆ ಸ್ಟೇಜಿನ ಮೇಲೆ "ಸ್ಮೈಲ್ ಪ್ಲೀಸ್, ಮೇಡಂ" ಅಂದಾಗ ಏನು ಮಾಡಬೇಕು? ಕೆಲವರು "ಇಡ್ಲಿ" ಅನ್ನಲು ಹೇಳುತ್ತಾರೆ. ಆ ಪದ ಬಾಯಿಯ ಕೊನೆಯನ್ನು ಹಿಗ್ಗಿಸುತ್ತದೆ ನಿಜ, ಕಣ್ಣಿಗೆ ಏನೂ ಮಾಡುವುದಿಲ್ಲ. ಒಮ್ಮೆ ಉಸಿರು ಪೂರ್ತಿ ಬಿಡಿ, ಪಕ್ಕದಲ್ಲಿ ನಿಂತವರ ಮುಖ ನೋಡಿ, ಆ ನಗು ಇಳಿಯುವ ಮೊದಲೇ ಕ್ಯಾಮೆರಾ ಕಡೆ ತಿರುಗಿ. ಮುಖ ಒಂದಿಷ್ಟು ಓರೆ ಇದ್ದರೆ ಒಳ್ಳೆಯದು, ಪೂರ್ತಿ ಪಕ್ಕಕ್ಕೆ ತಿರುಗಬಾರದು; ಪಕ್ಕದಿಂದಲೇ ಉಬ್ಬು ಹೆಚ್ಚು ಕಾಣುವುದು.

ಹಂತ 5: ಚಿಕ್ಕ ಚಿಕ್ಕ ಎದುರಾಳಿಗಳಿಂದ ಶುರು ಮಾಡಿ

ಮೊದಲ ವಾರವೇ ಕಚೇರಿಯ ಪ್ರೆಸೆಂಟೇಷನ್ನಿನಲ್ಲಿ ಹಲ್ಲು ಬಿಟ್ಟು ನಗಲು ಹೋಗಬೇಡಿ. ದರ್ಶಿನಿಯಲ್ಲಿ ಟೋಕನ್ ಕೊಡುವವರು, ಚಿಲ್ಲರೆ ಕೊಟ್ಟ ಬಿಎಂಟಿಸಿ ಕಂಡಕ್ಟರ್, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ಹೂ ಮಾರುವ ಅಮ್ಮ. ಇವರಿಗೆ ದಿನಕ್ಕೆ ಮೂರು ನಗು, ಕೈ ಅಡ್ಡ ಇಡದೆ. ಅವರ ಕಣ್ಣು ಎಲ್ಲಿ ಹೋಗುತ್ತದೆ ಎಂದು ಗಮನಿಸಿ. ನಿಮ್ಮ ಕೈಯಲ್ಲಿರುವ ನೋಟಿನ ಮೇಲೆ, ಹಿಂದಿನ ಸಾಲಿನ ಮೇಲೆ.

2000ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ನಾಚಿಕೆ ಬರಿಸುವ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಜನರಿದ್ದ ಕೋಣೆಗೆ ಕಳಿಸಿದರು. ತೊಟ್ಟವರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ಎಣಿಸಿದ್ದರು, ಗಮನಿಸಿದ್ದವರು ಕಾಲುಭಾಗ. ಹಲ್ಲಿಗೂ ಇದೇ ಲೆಕ್ಕ ಎಂದು ನಾನು ಆಣೆ ಮಾಡುವುದಿಲ್ಲ, ಆದರೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಓಡುತ್ತಿರುವವರಿಗೆ ನನ್ನ ಬಾಚಿಹಲ್ಲು ನೋಡುವಷ್ಟು ಪುರುಸೊತ್ತಿಲ್ಲ.

ನಂತರ ಲಿಫ್ಟಿನ ಸಹೋದ್ಯೋಗಿ, ಆಮೇಲೆ ವಿಡಿಯೊ ಮೀಟಿಂಗ್. ಮೀಟಿಂಗಿನಲ್ಲಿ ನಿಮ್ಮ ಮುಖ ನಿಮಗೆ ಕಾಣುವ ಚೌಕವನ್ನು ಮರೆಮಾಡುವ ಸೌಲಭ್ಯವಿದ್ದರೆ ಬಳಸಿ. ದಿನವಿಡೀ ಕನ್ನಡಿ ಹಿಡಿದುಕೊಂಡು ಮಾತಾಡಲು ಯಾರಿಂದಲೂ ಆಗದು.

ಹಂತ 6: ಮಾತು ಬಂದಾಗ

ಅಪರಿಚಿತರು ಏನೂ ಅನ್ನುವುದಿಲ್ಲ. ಅನ್ನುವವರು ನೆಂಟರು. ಉತ್ತರವನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ, ಆ ಹೊತ್ತಿಗೆ ಹುಡುಕಿದರೆ ಸಿಗುವುದಿಲ್ಲ.

"ಕ್ಲಿಪ್ ಹಾಕಿಸ್ಬಾರ್ದೇನೇ? ನಾಳೆ ಗಂಡಿನ ಕಡೆಯೋರು ಬಂದ್ರೆ?" ಎಂದು ಅತ್ತೆ ಕೇಳಿದರೆ: "ಯೋಚನೆ ಮಾಡಿದೀನಿ ಅತ್ತೆ, ಬೇಕು ಅನ್ಸಿದಾಗ ಹಾಕಿಸ್ಕೋತೀನಿ. ನಿಮ್ಮ ಮಂಡಿನೋವು ಹೇಗಿದೆ?" ಮಂಡಿನೋವು ಅಂದಮೇಲೆ ಹಲ್ಲಿನ ಸುದ್ದಿ ಮುಗಿಯಿತು.

"ಕಾಯಿ ತುರಿಯೋಕೆ ತುರಿಮಣೆ ಬೇಡ ಬಿಡು" ಎಂಬ ಹಳೇ ಜೋಕು ಹೇಳುವ ಭಾವಂದಿರಿಗೆ ನಗಬೇಡಿ, ಸಿಟ್ಟೂ ಮಾಡಬೇಡಿ. "ಆಯ್ತಾ ಭಾವ?" ಎಂದು ಕೇಳಿ ಸುಮ್ಮನೆ ಅವರ ಮುಖ ನೋಡುತ್ತಾ ನಿಲ್ಲಿ. ಕೆಲಸ ಮಾಡುತ್ತದೆ.

ದೊಡ್ಡ ತಪ್ಪು: ಬೇರೆಯವರು ಅನ್ನುವ ಮೊದಲೇ ನಮ್ಮ ಹಲ್ಲಿನ ಮೇಲೆ ನಾವೇ ಜೋಕು ಮಾಡುವುದು. ಅದರಿಂದ ಉಳಿದವರಿಗೆ ಅನುಮತಿ ಸಿಕ್ಕಂತಾಗುತ್ತದೆ. ಇನ್ನೊಂದು, ಮದುವೆಯ ಬಯೋಡೇಟಾಕ್ಕೆ ಬಾಯಿ ಮುಚ್ಚಿದ, ತಿದ್ದಿದ ಫೋಟೊ ಕಳಿಸುವುದು. ಹಲ್ಲು ಕಾಣುವ, ನಾಲ್ಕನೇ ಹಂತದಲ್ಲಿ ಸಿಕ್ಕ ಫೋಟೊ ಕಳಿಸಿ. ಹಲ್ಲು ನೋಡಿ ಬೇಡ ಅನ್ನುವವರು ಮನೆಗೆ ಬಂದು ಉಪ್ಪಿಟ್ಟು ತಿಂದು ಬೇಡ ಅನ್ನುವ ಬದಲು ಅಲ್ಲೇ ಬಿಟ್ಟುಹೋಗಲಿ.

ಮುಂದಕ್ಕೆ ಹೋಗುವ ಮುನ್ನ ನೋಡಿಕೊಳ್ಳಬೇಕಾದ್ದು

ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ನೋಡುವುದು, ಬೇರೆಯವರ ಎದುರು ಊಟ ಮಾಡದಿರುವುದು, ಕೆಲಸಕ್ಕೆ, ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸುವುದು, ಬೇರೆಯವರಿಗೆ ಕಾಣದ ಕೊರತೆ ನಿಮಗೆ ಬೆಟ್ಟದಷ್ಟು ಕಾಣುವುದು. ಇವು ಇದ್ದರೆ ಕ್ಲಿಪ್ ಹಾಕಿಸಿದರೂ ನೆಮ್ಮದಿ ಸಿಗುವುದಿಲ್ಲ, ಚಿಂತೆ ಮೂಗಿಗೋ ಕೂದಲಿಗೋ ಹೋಗಿ ಕೂರುತ್ತದೆ. ಮೊದಲು ಮನೋವೈದ್ಯರನ್ನು ಕಾಣಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಅಲ್ಲಿಗೆ ಹೋಗಲು ಹಿಂಜರಿಕೆಯಾದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಹಂತ 7: ಕ್ಲಿಪ್ ಬೇಕೋ ಬೇಡವೋ ಈಗ ನಿರ್ಧರಿಸಿ

ಕೈ ಕೆಳಗಿಳಿದ ಮೇಲೆ ಈ ಪ್ರಶ್ನೆ ಹಗುರವಾಗುತ್ತದೆ. ನಾನು ಬೇಡ ಅಂದೆ. ಬೇಕು ಅನ್ನಿಸಿದರೆ ಅದರಲ್ಲಿ ಸೋಲೇನೂ ಇಲ್ಲ. ವಯಸ್ಸು ಅಡ್ಡಿಯಲ್ಲ, ವಸಡು ಆರೋಗ್ಯವಾಗಿದ್ದರೆ ನಲವತ್ತರಲ್ಲೂ ಆಗುತ್ತದೆ. ಮಕ್ಕಳನ್ನು ಮಾತ್ರ ಏಳನೇ ವರ್ಷದ ಸುಮಾರಿಗೆ ಒಮ್ಮೆ ತೋರಿಸಿ, ಬೆರಳು ಚೀಪುವ ಅಭ್ಯಾಸ ಇದ್ದರೆ ಇನ್ನೂ ಬೇಗ.

ಯಾರ ಹತ್ತಿರ ಹೋಗಬೇಕು? ಬಿ.ಡಿ.ಎಸ್. ನಂತರ ಮೂರು ವರ್ಷ ಆರ್ಥೊಡಾಂಟಿಕ್ಸ್‌ನಲ್ಲಿ (ಹಲ್ಲು ನೆಟ್ಟಗೆ ಮಾಡುವ ವಿಭಾಗ) ಎಂ.ಡಿ.ಎಸ್. ಮಾಡಿದವರ ಹತ್ತಿರ. ಬೋರ್ಡಿನ ಮೇಲೆ ಬರೀ ಎಂ.ಡಿ.ಎಸ್. ಇದ್ದರೆ ಯಾವ ವಿಭಾಗ ಎಂದು ಕೇಳಿ. ಖರ್ಚು ಕಡಿಮೆ ಆಗಬೇಕೆಂದರೆ ಡೆಂಟಲ್ ಕಾಲೇಜುಗಳಿವೆ. ಕೆ.ಆರ್. ಮಾರ್ಕೆಟ್ ಮೆಟ್ರೊದಿಂದ ನಡೆದು ಹೋಗಬಹುದಾದ, ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ಡೆಂಟಲ್ ಕಾಲೇಜೂ ಅದರಲ್ಲೊಂದು. ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಮಾಡುತ್ತಾರೆ. ಕಾಯುವ ತಾಳ್ಮೆ, ಪ್ರತಿ ಸಲ ಅರ್ಧ ದಿನ ರಜೆ ಬೇಕು.

ಕೇಳಬೇಕಾದ ಪ್ರಶ್ನೆಗಳು: ಎಕ್ಸ್-ರೇ, ಹಲ್ಲಿನ ಅಚ್ಚು ತೆಗೆಯುತ್ತೀರಾ? ಹಲ್ಲು ಕೀಳಬೇಕೇ, ಎಷ್ಟು, ಯಾಕೆ? ಒಟ್ಟು ಖರ್ಚಿನಲ್ಲಿ ರಿಟೈನರ್ (ಕ್ಲಿಪ್ ತೆಗೆದ ಮೇಲೆ ಹಲ್ಲನ್ನು ಅಲ್ಲೇ ಹಿಡಿದಿಡುವ ಸಾಧನ) ಸೇರಿದೆಯೇ? ಬರೆದು ಕೊಡುತ್ತೀರಾ? ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ, ನಾಲ್ಕರಿಂದ ಆರು ವಾರಕ್ಕೊಮ್ಮೆ ಹೋಗಬೇಕು. ಕಾಣದ ಅಲೈನರ್ (ಹಲ್ಲಿನ ಮೇಲೆ ಕೂರುವ, ತಿನ್ನುವಾಗ, ಕುಡಿಯುವಾಗ ತೆಗೆದಿಡುವ ಪಾರದರ್ಶಕ ಕವಚ) ಆರಿಸಿದರೆ ದಿನಕ್ಕೆ 20-22 ಗಂಟೆ ಹಾಕಿರಬೇಕು. ಗಂಟೆಗೊಮ್ಮೆ ಕಾಫಿ ಕುಡಿಯುವವರಿಗೆ ಅದು ಒಗ್ಗದು.

ಕೆಂಪು ಬಾವುಟಗಳು: ಎಕ್ಸ್-ರೇ ಇಲ್ಲದೆ ಮನೆಗೇ ಅಲೈನರ್ ಕಳಿಸುತ್ತೇವೆ ಅನ್ನುವುದು. ಗಟ್ಟಿಮುಟ್ಟಾದ ಹಲ್ಲನ್ನು ಅರೆದು ಕ್ಯಾಪ್ ಹಾಕಿ ಒಂದು ವಾರದಲ್ಲಿ ನೆಟ್ಟಗೆ ಮಾಡುತ್ತೇವೆ ಅನ್ನುವುದು. ಅರೆದ ಹಲ್ಲು ಮತ್ತೆ ಬಾರದು. ಎಲ್ಲಕ್ಕಿಂತ ಅಪಾಯ, ವಿಡಿಯೊ ನೋಡಿ ಸಂದಿ ಮುಚ್ಚಲು ಹಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತುವುದು. ಅದು ಜಾರಿ ವಸಡಿನೊಳಗೆ ಹೋಗಿ ಮೂಳೆ ತಿನ್ನುತ್ತದೆ, ಒಳ್ಳೆಯ ಹಲ್ಲೇ ಉದುರುತ್ತದೆ.

ಕ್ಲಿಪ್ ಹಾಕಿದ ಮೇಲೆ ಮೂರರಿಂದ ಐದು ದಿನ ನೋವು, ಗಂಜಿ, ಮೊಸರನ್ನ. ಆಮೇಲೂ ಚಕ್ಕುಲಿ, ಕೋಡುಬಳೆ, ಕಬ್ಬು ಬೇಡ. ಕಡಲೆಕಾಯಿ ಪರಿಷೆಗೆ ಬಸವನಗುಡಿಗೆ ಹೋದರೆ ಬೇಯಿಸಿದ ಕಾಯಿ ತಿನ್ನಿ, ಹುರಿದದ್ದು ಬಿಡಿ. ಸಂಕ್ರಾಂತಿಯ ಎಳ್ಳು ತಂತಿಯ ಸಂದಿಯಲ್ಲಿ ಸಿಕ್ಕಿ ರಾತ್ರಿವರೆಗೂ ಕಾಡುತ್ತದೆ. ಸಕ್ಕರೆ ಅಚ್ಚನ್ನಂತೂ ಕಡಿಯಲೇಬೇಡಿ.

ಕ್ಲಿಪ್ ತೆಗೆದ ದಿನ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಹಲ್ಲು ಹಳೆಯ ಜಾಗಕ್ಕೆ ಮರಳಲು ನೋಡುತ್ತಲೇ ಇರುತ್ತದೆ. ವೈದ್ಯರು ಹೇಳಿದಷ್ಟು ಕಾಲ ರಿಟೈನರ್ ಹಾಕಬೇಕು, ಬಹಳ ಜನರಿಗೆ ರಾತ್ರಿಯ ಹೊತ್ತು ವರ್ಷಗಟ್ಟಲೆ. ಬಿಸಿನೀರಿನಲ್ಲಿ ತೊಳೆಯಬೇಡಿ, ಸೊಟ್ಟಗಾಗುತ್ತದೆ. ತಿನ್ನುವಾಗ ತೆಗೆದರೆ ಅದರ ಡಬ್ಬಿಗೇ ಹಾಕಿ. ತಂಗಿ ತನ್ನ ಮೊದಲ ರಿಟೈನರನ್ನು ಟಿಶ್ಯೂನಲ್ಲಿ ಸುತ್ತಿ ಮಸಾಲೆದೋಸೆ ತಟ್ಟೆಯ ಪಕ್ಕ ಇಟ್ಟಿದ್ದಳು. ಮೇಜು ಒರೆಸುವ ಹುಡುಗ ತಟ್ಟೆಯ ಜೊತೆ ಅದನ್ನೂ ಎತ್ತಿಕೊಂಡು ಹೋದ. ಇಬ್ಬರೂ ಹಿಂದಿನ ಬಾಗಿಲಲ್ಲಿ ಕೂತು ಎರಡು ಬಕೆಟ್ ಎಂಜಲು ಕೆದಕಿದೆವು, ಸಿಗಲಿಲ್ಲ. ಅವತ್ತು ನಕ್ಕಾಗ ಅವಳ ಎರಡು ಕೈಗೂ ಚಟ್ನಿ ಮೆತ್ತಿತ್ತು, ಬಾಯಿಗೆ ಅಡ್ಡ ಹಿಡಿಯಲು ಆಗಲಿಲ್ಲ.